ಬಾರ್ಬಡೋಸ್‌ನಲ್ಲಿ ಮನೆ ತಗೋಬೇಕು ಅನ್ನೋರಿಗೆ: ಟಿಕೆಟ್‌ನಿಂದ ಕ್ರಯಪತ್ರದವರೆಗೆ

ವೆಸ್ಟ್ ಇಂಡೀಸ್‌ನ ದ್ವೀಪದೇಶ ಬಾರ್ಬಡೋಸ್ ಅಂದ ತಕ್ಷಣ ನಮ್ಮವರಿಗೆ ನೆನಪಾಗೋದು 2024ರ ಜೂನ್ 29, ಕೆನ್ಸಿಂಗ್ಟನ್ ಓವಲ್‌ನಲ್ಲಿ ಟಿ20 ವರ್ಲ್ಡ್ ಕಪ್ ಫೈನಲ್, ಸೌತ್ ಆಫ್ರಿಕಾ ಮೇಲೆ 7 ರನ್ನಲ್ಲಿ ಗೆದ್ದಿದ್ದು, ಯಾವತ್ತೂ ಶಾಂತವಾಗಿರೋ ನಮ್ಮ ದ್ರಾವಿಡ್ ಕಪ್ ಹಿಡಿದು ಕೂಗಿದ್ದು. ಅದಾಗಿ ಎರಡೇ ದಿನಕ್ಕೆ, ಜುಲೈ 1ಕ್ಕೆ, ಬೆರಿಲ್ ಚಂಡಮಾರುತ ದ್ವೀಪದ ದಕ್ಷಿಣಕ್ಕೆ ಹಾದು ಹೋಯ್ತು, ಏರ್‌ಪೋರ್ಟ್ ಮುಚ್ಚಿದ್ರು, ಕಪ್ ಗೆದ್ದ ಟೀಮೇ ಹೋಟೆಲಲ್ಲಿ ಸಿಕ್ಕಾಕೊಂಡು ಕೂತಿತ್ತು, ಕೊನೆಗೆ ಏರ್ ಇಂಡಿಯಾದ ಸ್ಪೆಷಲ್ ವಿಮಾನ ಹೋಗಿ ಕರ್ಕೊಂಡು ಡೆಲ್ಲಿಗೆ ಬಂದಿಳಿದಿದ್ದು ಜುಲೈ 4ಕ್ಕೆ. ರಾಜಧಾನಿ ಬ್ರಿಜ್‌ಟೌನ್‌ನ ಮೀನುಗಾರರ ದೋಣಿಗಳಂತೂ ಒಂದರ ಮೇಲೊಂದು ಬಿದ್ದು ಪುಡಿಪುಡಿ ಆಗಿದ್ವು.

ಆ ವಾರ ನಮ್ಮ ಭಾವ ಲಂಡನ್ನಿಂದ ಫೋನ್ ಮಾಡಿ "ಏನಮ್ಮಾ, ನಾವು ನೋಡಿದ್ದ ಅಪಾರ್ಟ್‌ಮೆಂಟ್ ಏನಾಗಿರತ್ತೋ" ಅಂದ್ರು. ಅಕ್ಕ ಭಾವ ಇಬ್ರೂ ರಿಟೈರ್ ಆಗೋ ವಯಸ್ಸಿಗೆ ಬಂದಿದ್ದಾರೆ, ಇಂಗ್ಲೆಂಡ್ ಚಳಿ ಅಕ್ಕನ ಮಂಡಿಗೆ ಆಗಲ್ಲ, ಹಾಗಾಗಿ ವರ್ಷಕ್ಕೆ ಐದಾರು ತಿಂಗಳು ಬೆಚ್ಚಗಿರೋ ಜಾಗ ಬೇಕು ಅಂತ ಬಾರ್ಬಡೋಸ್ ಹುಡುಕ್ತಿದ್ರು. ನಾನು ಬೆಂಗಳೂರಲ್ಲಿ ಆಡಿಟರ್ ಆಫೀಸಲ್ಲಿ ಕೆಲಸ ಮಾಡೋಳು, ಪೇಪರ್ ಕೆಲಸ ಎಲ್ಲಾ ನನ್ನ ತಲೆಗೆ ಬಂತು, ಎರಡು ಸಲ ಅಲ್ಲಿಗೂ ಹೋಗಿ ಬಂದೆ. ಅದರಿಂದ ಕಲಿತಿದ್ದನ್ನ ಪೂರ್ತಿ ಬರೀತಿದ್ದೀನಿ, ಇಂಡಿಯಾದಲ್ಲಿದ್ದು ತಗೊಳ್ಳೋರಿಗೂ, ಹೊರಗಿರೋ ನಮ್ಮವರಿಗೂ. ಎರಡು ಮಾತು ಮುಂಚೆನೇ ಹೇಳಿಬಿಡ್ತೀನಿ, ಫೆಬ್ರವರಿಯಲ್ಲಿ ನೋಡಿ ಫೆಬ್ರವರಿಯಲ್ಲೇ ಅಡ್ವಾನ್ಸ್ ಕೊಡ್ಬೇಡಿ, ಮತ್ತೆ ದುಡ್ಡು ಒಳಗೆ ಹೋದ ದಾರಿ ಅಲ್ಲಿನ ಸೆಂಟ್ರಲ್ ಬ್ಯಾಂಕಲ್ಲಿ ದಾಖಲಾಗದೆ ಒಂದು ಡಾಲರನ್ನೂ ಕಳಿಸಬೇಡಿ.

ಮೊದಲು ಜಾಗ ಎಂಥದು ಅಂತ

ಸುಮಾರು 430 ಚದರ ಕಿಲೋಮೀಟರ್, ಅಂದ್ರೆ ನಮ್ಮ ಬೆಂಗಳೂರಿಗಿಂತ ಚಿಕ್ಕದು, ಉದ್ದ 34 ಕಿಲೋಮೀಟರ್ ಇರಬಹುದು, ಜನ ಮೂರು ಲಕ್ಷದ ಒಳಗೆ. 1966ರ ನವೆಂಬರ್ 30ಕ್ಕೆ ಸ್ವಾತಂತ್ರ್ಯ ಬಂತು, 2021ರ ಅದೇ ದಿನ ಬ್ರಿಟನ್ ರಾಣಿನ ಬಿಟ್ಟು ರಿಪಬ್ಲಿಕ್ ಆಯ್ತು. ಜಿಲ್ಲೆ ತಾಲೂಕು ಇಲ್ಲ, 11 ಪ್ಯಾರಿಷ್ ಇದಾವೆ, ಅಡ್ರೆಸ್ಸಲ್ಲೂ ಪ್ರಾಪರ್ಟಿ ಪೇಪರಲ್ಲೂ ಅದೇ ಹೆಸರು ಬರತ್ತೆ. ಪಶ್ಚಿಮ ತೀರ, ಸೇಂಟ್ ಜೇಮ್ಸ್, ಹೋಲ್‌ಟೌನ್ ಕಡೆ ಸಮುದ್ರ ಕೆರೆ ಥರ ಶಾಂತ, ದೊಡ್ಡ ದೊಡ್ಡ ಸಾಹುಕಾರ್ರ ವಿಲ್ಲಾಗಳು, ರೇಟೂ ಹಾಗೇ. ದಕ್ಷಿಣ ತೀರ, ಕ್ರೈಸ್ಟ್ ಚರ್ಚ್ ಪ್ಯಾರಿಷ್, ವರ್ದಿಂಗ್, ಸೇಂಟ್ ಲಾರೆನ್ಸ್ ಗ್ಯಾಪ್, ಇಲ್ಲಿ ಅಪಾರ್ಟ್‌ಮೆಂಟ್ ಜಾಸ್ತಿ, ಬಸ್ ಜಾಸ್ತಿ, ಮಧ್ಯಮ ವರ್ಗದವರು ನೋಡೋದು ಇಲ್ಲೇ. ಗ್ಯಾಪ್ ಅಂದ್ರೆ ಅಲ್ಲಿ ಗಲ್ಲಿ, ಅಡ್ಡರಸ್ತೆ ಅಂತ ಅರ್ಥ. ಪೂರ್ವಕ್ಕೆ ಬ್ಯಾತ್‌ಶೀಬಾ ಕಡೆ ಅಟ್ಲಾಂಟಿಕ್ ನೇರವಾಗಿ ಬಂದು ಅಪ್ಪಳಿಸತ್ತೆ, ನೋಡೋಕೆ ಮೈ ಜುಮ್ ಅನ್ನತ್ತೆ, ಆದ್ರೆ ಅಲ್ಲಿ ಈಜೋಕೆ ಇಳೀಬೇಡಿ. ಈಶಾನ್ಯದ ಸ್ಕಾಟ್‌ಲ್ಯಾಂಡ್ ಡಿಸ್ಟ್ರಿಕ್ಟ್ ಮಣ್ಣೇ ಬೇರೆ, ದ್ವೀಪದ ಉಳಿದ ಭಾಗ ಹವಳದ ಸುಣ್ಣಕಲ್ಲು, ಇಲ್ಲಿ ಮಾತ್ರ ಜೇಡಿ, ಮಳೆಗೆ ಗುಡ್ಡ ಜಾರತ್ತೆ, ರಸ್ತೆ ಬಿರುಕು ಬಿಡತ್ತೆ. ಕೊಡಗಲ್ಲಿ ಗುಡ್ಡ ಕುಸಿದಿದ್ದು ನೋಡಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ, ಅಲ್ಲಿ ಸೈಟ್ ಅಗ್ಗಕ್ಕೆ ಸಿಕ್ರೆ ಯಾಕೆ ಅಗ್ಗ ಅಂತ ಕೇಳಿ.

ಹೋಗೋದು ಹೇಗೆ

ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ಟೂರಿಸ್ಟ್ ಆಗಿ ಹೋಗೋಕೆ ಬಾರ್ಬಡೋಸ್ ವೀಸಾ ಕೇಳ್ತಿಲ್ಲ, ಆದ್ರೆ ಟಿಕೆಟ್ ಮಾಡೋ ದಿನ ಇನ್ನೊಂದ್ಸಲ ಅವರ ಸರ್ಕಾರಿ ಸೈಟ್ ನೋಡಿ, ಈ ರೂಲ್ಸ್ ಬದಲಾಗ್ತಾ ಇರತ್ತೆ. ನಮ್ಮವರು ಸಿಕ್ಕಾಕೊಳ್ಳೋದು ಬಾರ್ಬಡೋಸ್ ವೀಸಾದಲ್ಲಲ್ಲ, ಮಧ್ಯದಲ್ಲಿ. ಇಂಡಿಯಾದಿಂದ ನೇರ ವಿಮಾನ ಇಲ್ಲ, ಲಂಡನ್ ಮೇಲೋ, ಅಮೆರಿಕ ಮೇಲೋ, ಕೆನಡಾ ಮೇಲೋ ಹೋಗಬೇಕು. ಅಮೆರಿಕದಲ್ಲಿ ಬರೀ ಪ್ಲೇನ್ ಬದಲಾಯಿಸೋಕೂ ವೀಸಾ ಬೇಕು, ಏರ್‌ಪೋರ್ಟ್ ಒಳಗೇ ಇದ್ದು ಹೋಗ್ತೀನಿ ಅನ್ನೋ ವ್ಯವಸ್ಥೆನೇ ಅಲ್ಲಿಲ್ಲ. ಲಂಡನ್ನಲ್ಲಿ ಹೀಥ್ರೋಗೆ ಇಳಿದು ಗ್ಯಾಟ್ವಿಕ್‌ನಿಂದ ಹತ್ತೋ ಟಿಕೆಟ್ ಅಗ್ಗ ಇರತ್ತೆ ಅಂತ ಬುಕ್ ಮಾಡ್ಬೇಡಿ, ಹೊರಗೆ ಬರಬೇಕಾಗತ್ತೆ, ಅದಕ್ಕೆ ತಕ್ಕ ವೀಸಾ ಇಲ್ಲದಿದ್ರೆ ಬೆಂಗಳೂರಲ್ಲೇ ಬೋರ್ಡಿಂಗ್ ಕೊಡಲ್ಲ. ಲಂಡನ್ನಿಂದ ಎಂಟೂವರೆ ಒಂಬತ್ತು ಗಂಟೆ ಪ್ರಯಾಣ, ಇಳಿಯೋದು ಗ್ರಾಂಟ್ಲಿ ಆಡಮ್ಸ್ ಏರ್‌ಪೋರ್ಟ್‌ಗೆ. ಹೊರಡೋ ಮುಂಚೆ ಇಮಿಗ್ರೇಷನ್ ಫಾರ್ಮ್ ಆನ್‌ಲೈನಲ್ಲಿ ತುಂಬಿ, ರಿಟರ್ನ್ ಟಿಕೆಟ್ಟು, ಉಳ್ಕೊಳ್ಳೋ ಜಾಗದ ಅಡ್ರೆಸ್ಸು ಪ್ರಿಂಟ್ ಮಾಡಿ ಕೈಲಿಟ್ಕೊಳ್ಳಿ, ಕೇಳ್ತಾರೆ.

ಇನ್ನೊಂದು, ಅಷ್ಟು ದೂರ ಹೋಗಿದ್ದೀವಿ ಅಂತ ಟ್ರಿನಿಡಾಡ್, ಗಯಾನಾ ಕಡೆನೂ ಹೋಗಿ ನಮ್ಮ ಮೂಲದವರನ್ನ ನೋಡ್ಕೊಂಡು ಬರೋಣ ಅನ್ಸತ್ತೆ, ಹೋಗಿ, ಆದ್ರೆ ಯೆಲ್ಲೋ ಫೀವರ್ ಲಸಿಕೆ ಹಾಕಿಸ್ಕೊಂಡು ಕಾರ್ಡ್ ಇಟ್ಕೊಂಡು ಹೋಗಿ. ಅವು ಆ ಜ್ವರದ ಪಟ್ಟಿಯಲ್ಲಿರೋ ಜಾಗ, ಕಾರ್ಡ್ ಇಲ್ಲದೆ ವಾಪಸ್ ಬಂದ್ರೆ ನಮ್ಮ ಏರ್‌ಪೋರ್ಟಲ್ಲೇ ಕ್ವಾರಂಟೈನ್‌ಗೆ ಹಾಕ್ತಾರೆ. ಮಿಲಿಟರಿ ಪ್ರಿಂಟ್ ಬಟ್ಟೆ, ಆ ಹಸಿರು ಕಂದು ಮಚ್ಚೆದು, ಅಂಗಿ ಇರಲಿ ಮಕ್ಕಳ ಚಡ್ಡಿ ಇರಲಿ ಮನೇಲೇ ಬಿಡಿ, ಬಾರ್ಬಡೋಸ್‌ನಲ್ಲಿ ಅದನ್ನ ಹಾಕೋದು ಕಾನೂನು ಪ್ರಕಾರ ಅಪರಾಧ.

ಅಲ್ಲಿ ಇರೋ ದಿನಗಳು

ಹೋಟೆಲ್ ಬೇಡ, ಅಡುಗೆಮನೆ ಇರೋ ಬಾಡಿಗೆ ಅಪಾರ್ಟ್‌ಮೆಂಟ್ ತಗೊಳ್ಳಿ, ನೀವು ಕೊಳ್ಳಬೇಕು ಅಂತಿರೋ ಏರಿಯಾದಲ್ಲೇ. ಮಿಕ್ಸಿ ತಗೊಂಡು ಹೋಗ್ಬೇಡಿ, ಅಕ್ಕ ದೋಸೆಹಿಟ್ಟಿನ ಆಸೆಗೆ ಊರಿಂದ ತರಿಸಿಕೊಂಡಿದ್ದ ಮಿಕ್ಸಿ ಹೊತ್ಕೊಂಡು ಹೋಗಿದ್ಲು, ಅಲ್ಲಿ ಕರೆಂಟ್ 115 ವೋಲ್ಟ್, ಪ್ಲಗ್ ಅಮೆರಿಕದ್ದು, ಮಿಕ್ಸಿ ಗುರ್ ಅಂತ ನಿಧಾನಕ್ಕೆ ಒಂದು ಸುತ್ತು ಹಾಕಿ ನಿಂತೋಯ್ತು. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗೆ ತೊಂದರೆ ಇಲ್ಲ, ಪಿನ್ ಬದಲಾಯಿಸೋ ಅಡಾಪ್ಟರ್ ಸಾಕು. ನಲ್ಲಿ ನೀರು ಕುಡೀಬಹುದು, ಸುಣ್ಣಕಲ್ಲಲ್ಲಿ ಸೋಸಿ ಬಂದ ನೀರು, ಕೆಟಲಲ್ಲಿ ಬಿಳಿ ಪೊರೆ ಕಟ್ಟತ್ತೆ ಅಷ್ಟೆ.

ಊಟದ ಬಗ್ಗೆ ನಮ್ಮವರು ಹೆದರ್ತಾರೆ, ಅಷ್ಟೇನಿಲ್ಲ. ಅಲ್ಲಿನ ರಾಷ್ಟ್ರೀಯ ಊಟ ಕೂಕೂ ಮತ್ತೆ ಫ್ಲೈಯಿಂಗ್ ಫಿಶ್. ಕೂಕೂ ಅಂದ್ರೆ ಏನು ಅಂದ್ಕೊಂಡ್ರಿ, ಬೆಂಡೆಕಾಯಿ ಬೇಯಿಸಿದ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ, ಚಪ್ಪಟೆ ಮರದ ಕೋಲಲ್ಲಿ ಗಂಟಾಗದ ಹಾಗೆ ತಿರುವಿ ತಿರುವಿ ಮಾಡೋ ಮುದ್ದೆನೇ. ಆಯ್ಸ್ಟಿನ್ಸ್‌ನಲ್ಲಿ ಒಬ್ಬ ಅಜ್ಜಿ ಪಾತ್ರೆನ ಕಾಲಲ್ಲಿ ಒತ್ತಿ ಹಿಡಿದು ಆ ಕೋಲು ತಿರುವ್ತಿದ್ದಿದ್ದು ನೋಡಿ ನನಗೆ ಚನ್ನಪಟ್ಟಣದ ಅಜ್ಜಿ ಮನೆನೇ ಕಣ್ಮುಂದೆ ಬಂತು. ಮೀನು ತಿನ್ನೋರು ಶುಕ್ರವಾರ ರಾತ್ರಿ ಆಯ್ಸ್ಟಿನ್ಸ್‌ಗೆ ಹೋಗಲೇಬೇಕು. ತಿನ್ನದೋರಿಗೆ ತರಕಾರಿ ಹಾಕಿದ ರೋಟಿ ಊರೆಲ್ಲಾ ಸಿಗತ್ತೆ, ಮಂಗಳೂರು ಕಡೆಯವರು ಜೀಗುಜ್ಜೆ ಅಂತಾರಲ್ಲ ಆ ದೀವಿಹಲಸು ಅಲ್ಲಿ ಮಾಮೂಲಿ ತರಕಾರಿ, ಮಾವು, ಬಾಳೆ, ಗೆಣಸು ಎಲ್ಲಾ ಇದೆ. ಆದ್ರೆ ಸೂಪರ್‌ಮಾರ್ಕೆಟ್ ಬಿಲ್ ನೋಡಿ ಎದೆ ಧಸಕ್ ಅನ್ನತ್ತೆ, ಬಹುಪಾಲು ಸಾಮಾನು ಹಡಗಲ್ಲಿ ಬರೋದು. ವರ್ಷಪೂರ್ತಿ ಇರಬೇಕು ಅನ್ನೋರು ಎರಡು ವಾರದ ದಿನಸಿ ಬಿಲ್ ಎತ್ತಿಟ್ಟು ತಿಂಗಳ ಲೆಕ್ಕ ಹಾಕಿ, ಆ ಲೆಕ್ಕ ಮನೆ ರೇಟಿನಷ್ಟೇ ಮುಖ್ಯ.

ಅಂಗಡಿಗೆ ಹೋಗಲಿ, ವ್ಯಾನ್ ಹತ್ತಲಿ, ಮೊದಲು ಗುಡ್ ಮಾರ್ನಿಂಗ್ ಅಥವಾ ಗುಡ್ ಆಫ್ಟರ್‌ನೂನ್ ಅನ್ನಿ. ಸೀದಾ ಹೋಗಿ ಎಷ್ಟು ಅಂತ ಕೇಳೋದು ಅವರಿಗೆ ಒರಟುತನ ಅನ್ಸತ್ತೆ, ಮುಖ ಬಿಗಿಯತ್ತೆ. ಹೇಳಿ ನೋಡಿ, ಬೇಜನ್‌ಗಳು, ಅಂದ್ರೆ ಅಲ್ಲಿನವರು, ಎಷ್ಟು ಸಹಾಯ ಮಾಡ್ತಾರೆ ಅಂತ.

ಓಡಾಡೋಕೆ ರಸ್ತೆ ಎಡಗಡೆ, ನಮ್ಮ ಥರನೇ, ಆದ್ರಿಂದ ಕಾರ್ ಬಾಡಿಗೆಗೆ ತಗೊಂಡು ಓಡಿಸಬಹುದು, ವಿಸಿಟರ್ ಪರ್ಮಿಟ್ ಕಾರ್ ಕೊಡೋರೇ ಮಾಡಿಸಿಕೊಡ್ತಾರೆ. ಬಸ್‌ಸ್ಟಾಪ್ ಬೋರ್ಡಲ್ಲಿ ಟು ಸಿಟಿ, ಔಟ್ ಆಫ್ ಸಿಟಿ ಅಂತ ಎರಡೇ ಇರತ್ತೆ, ಬ್ರಿಜ್‌ಟೌನ್ ಕಡೆಗೋ ಅಲ್ಲಿಂದ ಆಚೆಗೋ ಅಂತ. ಜೆಡ್ ಆರ್ ಅಂತ ನಂಬರ್‌ಪ್ಲೇಟ್ ಇರೋ ಬಿಳಿ ವ್ಯಾನ್‌ಗಳು ನಮ್ಮ ಹಳ್ಳಿ ಕಡೆ ಟೆಂಪೋ ಇದ್ದ ಹಾಗೆ, ಜೋರು ಹಾಡು, ಒತ್ತಿ ಒತ್ತಿ ಕೂರಿಸ್ತಾರೆ, ಆದ್ರೆ ಏರಿಯಾ ಹೇಗಿದೆ ಅಂತ ತಿಳ್ಕೊಳ್ಳೋಕೆ ಅದಕ್ಕಿಂತ ಒಳ್ಳೇದಿಲ್ಲ. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತೋ ಮುಂಚೆ ರೇಟು ಕೇಳಿ, ಬಾರ್ಬಡೋಸ್ ಡಾಲರ್ರೋ ಅಮೆರಿಕನ್ ಡಾಲರ್ರೋ ಅಂತಲೂ ಕೇಳಿ. 1975ರಿಂದ 2 ಬಾರ್ಬಡೋಸ್ ಡಾಲರ್‌ಗೆ 1 ಅಮೆರಿಕನ್ ಡಾಲರ್ ಅಂತ ಕಟ್ಟಿಟ್ಟಿದ್ದಾರೆ, ಎರಡೂ ಚಲಾವಣೆಯಲ್ಲಿದೆ. ಟ್ಯಾಕ್ಸಿಲಿ ಮೋಸ ಹೋದ್ರೆ ಇಪ್ಪತ್ತು ಡಾಲರ್, ಮನೆ ಜಾಹೀರಾತಲ್ಲಿ ಇದೇ ತಪ್ಪು ಮಾಡಿಕೊಂಡ್ರೆ ಬೆಲೆ ಡಬಲ್. ಪ್ರತಿ ಸಂಖ್ಯೆ ಮುಂದೆ ಯಾವ ಡಾಲರ್ ಅಂತ ಬರೆಸಿಕೊಳ್ಳಿ.

ಬೀಚಲ್ಲಿ ಸಣ್ಣ ಹಸಿರು ಸೇಬಿನ ಥರ ಹಣ್ಣು ಬಿದ್ದಿರತ್ತೆ, ಮುಟ್ಟಬೇಡಿ. ಮ್ಯಾಂಚಿನೀಲ್ ಅಂತ ಮರ, ಅದರ ಹಾಲು ಮೈಗೆ ತಾಕಿದ್ರೆ ಬೊಬ್ಬೆ, ಹಣ್ಣು ವಿಷ, ಮಳೆ ಬಂತು ಅಂತ ಅದರ ಕೆಳಗೆ ನಿಂತ್ರೆ ಎಲೆಯಿಂದ ತೊಟ್ಟಿಕ್ಕೋ ನೀರಿಗೇ ಚರ್ಮ ಸುಡತ್ತೆ. ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರ್ತಾರೆ, ಎಲ್ಲಾ ಮರಕ್ಕೂ ಅಲ್ಲ. ಮಕ್ಕಳಿಗೆ ಮೊದಲ ದಿನವೇ ತೋರಿಸಿ.

ಸೆಪ್ಟೆಂಬರಲ್ಲಿ ಇನ್ನೊಮ್ಮೆ ಹೋಗಿ

ಡಿಸೆಂಬರಿಂದ ಮೇ ತನಕ ಒಣ ಕಾಲ, ಗಾಳಿ ತಂಪು, ಸಮುದ್ರ ನೀಲಿ, ಯಾರಿಗಾದ್ರೂ ಮನೆ ತಗೋಬೇಕು ಅನ್ಸತ್ತೆ. ಭಾವ ಫೆಬ್ರವರಿಯಲ್ಲಿ ವರ್ದಿಂಗ್‌ನಲ್ಲಿ ಒಂದು ಎರಡು ಬೆಡ್‌ರೂಮ್ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ನಿಂತು "ಇದೇ, ಇನ್ನು ನೋಡೋದೇನೂ ಬೇಡ" ಅಂದ್ಬಿಟ್ಟಿದ್ರು. ನಾನು "ಭಾವ, ದಯವಿಟ್ಟು ಮಳೆಗಾಲದಲ್ಲಿ ಒಂದ್ಸಲ ನೋಡಿ ಆಮೇಲೆ ಮಾತಾಡೋಣ" ಅಂತ ಹಠ ಹಿಡಿದೆ.

ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ. ಬಾರ್ಬಡೋಸ್ ಉಳಿದ ದ್ವೀಪಗಳಿಂದ ಪೂರ್ವಕ್ಕೆ ಸ್ವಲ್ಪ ಆಚೆ ಇರೋದ್ರಿಂದ ಎಷ್ಟೋ ಬಿರುಗಾಳಿ ಉತ್ತರಕ್ಕೆ ತಿರುಗಿ ಹೋಗ್ತಾವೆ, ಅದಕ್ಕೇ ಏಜೆಂಟ್‌ಗಳು ಇಲ್ಲಿ ಚಂಡಮಾರುತನೇ ಬರಲ್ಲ ಅನ್ನೋದು. 1955ರಲ್ಲಿ ಜಾನೆಟ್ ಬಂದಿತ್ತು, ಆಮೇಲೆ ಅರವತ್ತು ವರ್ಷಕ್ಕೂ ಮೇಲೆ ಪುಣ್ಯಕ್ಕೆ ನೇರ ಹೊಡೆತ ಇರಲಿಲ್ಲ, 2021ರ ಜುಲೈಯಲ್ಲಿ ಎಲ್ಸಾ ಬಂದು ಸಾವಿರಾರು ಮನೆಗಳ ಚಾವಣಿ ಹಾಳಾಯ್ತು, ಮೂರೇ ವರ್ಷಕ್ಕೆ ಬೆರಿಲ್. ಕಡಿಮೆ ಬರತ್ತೆ ಅನ್ನಿ ಒಪ್ತೀನಿ, ಬರಲ್ಲ ಅನ್ನಬಾರದು.

ನಾವು ಸೆಪ್ಟೆಂಬರಲ್ಲಿ ಹೋದಾಗ ಅದೇ ಬಾಲ್ಕನಿ ಬಾಗಿಲು ತೆಗೆದ ಕೂಡಲೇ ಕೊಳೆತ ಮೊಟ್ಟೆ ವಾಸನೆ ಮುಖಕ್ಕೆ ರಾಚಿತು. ಸಾರ್ಗಾಸಮ್ ಅಂತ ಕಂದು ಕಡಲಪಾಚಿ, 2011ರಿಂದ ಈಚೆಗೆ ರಾಶಿ ರಾಶಿ ಬಂದು ಪೂರ್ವ, ದಕ್ಷಿಣ ತೀರಕ್ಕೆ ಬೀಳ್ತಿದೆ, ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಬಿಡತ್ತೆ. ಎಸಿ ಹೊರಗಿನ ಯೂನಿಟ್ ಮೇಲೆ ಕೈ ಇಟ್ಟೆ, ತಗಡಿನ ಅಂಚು ಹಪ್ಪಳದ ಥರ ಮುರಿದು ಕೈಗೇ ಬಂತು. ಬಾಲ್ಕನಿ ಚಾವಣಿಯಲ್ಲಿ ಸಣ್ಣ ಕಂದು ಗೆರೆ, ಪೇಂಟ್ ಉಬ್ಬಿತ್ತು, ಉಗುರಲ್ಲಿ ಕೆರೆದ್ರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಸಿಮೆಂಟ್ ಬಿಟ್ಕೊಂಡಿತ್ತು. ಫೆಬ್ರವರಿಯಲ್ಲಿ ಅಲ್ಲಿ ಹೊಸ ಬಿಳಿ ಪೇಂಟ್ ಇತ್ತು, ಅಷ್ಟೇ ನಾವು ನೋಡಿದ್ದು. ಭಾವ ಏನೂ ಮಾತಾಡ್ಲಿಲ್ಲ, ಫೋಟೋ ತೆಗೆದ್ರು, ಬಾಗಿಲು ಹಾಕ್ಕೊಂಡು ಬಂದ್ವಿ. ಆಮೇಲೆ ತಗೊಂಡಿದ್ದು ಸಮುದ್ರದಿಂದ ಎರಡು ಗ್ಯಾಪ್ ಒಳಗೆ, ಏರು ಜಾಗದಲ್ಲಿ, ಬಾಲ್ಕನಿಯಿಂದ ಸಮುದ್ರ ಒಂದು ಗೆರೆ ಅಷ್ಟೇ ಕಾಣತ್ತೆ, ಉಪ್ಪುಗಾಳಿ ಕಾಟ ಅರ್ಧಕ್ಕರ್ಧ ಕಮ್ಮಿ.

ಮನೆ ನೋಡೋವಾಗ ಏನು ಕೇಳಬೇಕು

ನೀರು. ಉತ್ತರದ ಸೇಂಟ್ ಲೂಸಿ ಕಡೆ ಹಳೇ ಕಬ್ಬಿಣದ ಪೈಪಿಂದ ಕಂದು ನೀರು ಬರೋ ದೂರು ಬಹಳ ವರ್ಷದ್ದು, ಸೇಂಟ್ ಜೋಸೆಫ್ ಥರ ಎತ್ತರದ ಜಾಗದಲ್ಲಿ ನೀರು ನಿಂತುಹೋಗತ್ತೆ. ಟ್ಯಾಂಕ್ ಇದೆಯಾ, ಪಂಪ್ ಇದೆಯಾ ನೋಡಿ, ಪಕ್ಕದ ಮನೆಯವರನ್ನ ಕೇಳಿ, ಏಜೆಂಟನ್ನಲ್ಲ.

ಒಳಚರಂಡಿ. ದಕ್ಷಿಣ ತೀರದಲ್ಲಿ ಯುಜಿಡಿ ಇದೆ, ಆದ್ರೆ 2016ರಿಂದ 2018ರ ಹೊತ್ತಿಗೆ ವರ್ದಿಂಗ್, ಹೇಸ್ಟಿಂಗ್ಸ್ ರಸ್ತೆ ಮೇಲೆ ಕೊಳಚೆ ಉಕ್ಕಿ ಹರಿದು ದೊಡ್ಡ ಗಲಾಟೆ ಆಗಿತ್ತು. ದ್ವೀಪದ ಬಹುಪಾಲು ಮನೆಗಳಿಗೆ ಅದೂ ಇಲ್ಲ, ಸುಣ್ಣಕಲ್ಲಲ್ಲಿ ತೋಡಿದ ಇಂಗುಗುಂಡಿ, ಸಕ್ ವೆಲ್ ಅಂತಾರೆ. ಅದೇ ಕಲ್ಲಿನೊಳಗಿಂದಲೇ ಕುಡಿಯೋ ನೀರೂ ಬರೋದು, ಅದಕ್ಕೇ ಅಂತರ್ಜಲ ಕಾಪಾಡೋಕೆ ಸರ್ಕಾರ ದ್ವೀಪನ ಝೋನ್ ಝೋನ್ ಮಾಡಿದೆ, ಕುಡಿಯೋ ನೀರಿನ ಬಾವಿಗಳ ಹತ್ತಿರದ ಝೋನಲ್ಲಿ ಹೊಸ ಕಟ್ಟಡಕ್ಕೆ ಭಾರಿ ನಿರ್ಬಂಧ. ಖಾಲಿ ಸೈಟ್ ತಗೊಳ್ಳೋರು ಇದನ್ನ ಪ್ಲಾನಿಂಗ್ ಇಲಾಖೆಯಲ್ಲಿ ವಿಚಾರಿಸದೆ ಮುಂದೆ ಹೋಗಲೇಬಾರದು, ಸೈಟ್ ನಿಮ್ಮ ಹೆಸರಿಗೆ ಆಗತ್ತೆ, ಕಟ್ಟೋಕೆ ಬಿಡಲ್ಲ.

ಮನೆ ಮಾತ್ರನಾ, ನೆಲನೂ ಸೇರಿನಾ. ಬಣ್ಣಬಣ್ಣದ ಪುಟ್ಟ ಮರದ ಮನೆಗಳು ನೋಡ್ತೀರ, ಚ್ಯಾಟಲ್ ಹೌಸ್ ಅಂತ. ಗುಲಾಮಗಿರಿ ಹೋದ ಮೇಲೂ ಕಬ್ಬಿನ ತೋಟದ ಕೂಲಿಯವರಿಗೆ ಸ್ವಂತ ನೆಲ ಇರ್ಲಿಲ್ಲ, ಧಣಿ ಎಬ್ಬಿಸಿದ್ರೆ ಮನೆ ಬಿಚ್ಚಿ ಗಾಡಿ ಮೇಲೆ ಹೇರಿಕೊಂಡು ಹೋಗೋ ಹಾಗೆ ಕಲ್ಲುಗಳ ಮೇಲೆ ಕೂರಿಸಿ ಕಟ್ತಿದ್ರು. ಇವತ್ತಿಗೂ ಕೆಲವು ಮನೆ ಮಾರೋಕಿದ್ರೆ ಅದು ಬರೀ ಮರದ ಮನೆ, ನೆಲ ಬೇರೆಯವರದು, ಬಾಡಿಗೆ ಕಟ್ಟಬೇಕು. ರೇಟು ನೋಡಿ ಖುಷಿಯಾಗೋ ಮುಂಚೆ ಇದೊಂದು ಪ್ರಶ್ನೆ ಕೇಳಿ.

ಬೀಚ್‌ಫ್ರಂಟ್ ಅಂದ್ರೆ ಬೀಚ್ ನಿಮ್ಮದಲ್ಲ. ಬಾರ್ಬಡೋಸ್‌ನ ಬೀಚ್‌ಗಳು ಸಾರ್ವಜನಿಕರದು, ಅದು ಒಳ್ಳೇದೇ, ಆದ್ರೆ ನಿಮ್ಮ ಕಾಂಪೌಂಡ್ ಪಕ್ಕವೋ ಒಳಗೋ ಜನ ಸಮುದ್ರಕ್ಕೆ ಹೋಗೋ ದಾರಿ ಇದೆಯಾ ಅಂತ ಸರ್ವೇಯರ್ ಕೈಲಿ ನೋಡಿಸಿ. ಗೆದ್ದಲು ಇದೆಯಾ, ಕಿಟಕಿಗೆ ಚಂಡಮಾರುತದ ಶಟರ್ ಇದೆಯಾ, ಅಪಾರ್ಟ್‌ಮೆಂಟ್ ಆದ್ರೆ ತಿಂಗಳ ಮೇಂಟೆನೆನ್ಸ್ ಎಷ್ಟು, ಅಸೋಸಿಯೇಷನ್ ಹತ್ರ ದುಡ್ಡಿದೆಯಾ, ಕಳೆದ ಮೂರು ವರ್ಷದ ಮೀಟಿಂಗ್ ನಡಾವಳಿ ಕೊಡಿ ಅಂತ ಕೇಳಿ. ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಖರೀದಿ ಹೆಂಗೆ ನಡೆಯತ್ತೆ

ವಿದೇಶಿಯರು ಮನೆ ಕೊಳ್ಳೋಕೆ ಅಡ್ಡಿ ಇಲ್ಲ, ನಮ್ಮಲ್ಲಿ ಕೃಷಿ ಜಮೀನಿಗೆ ಇದ್ದ ಥರದ ತಕರಾರಿಲ್ಲ. ಮೊದಲು ವಕೀಲರನ್ನ ಗೊತ್ತು ಮಾಡ್ಕೊಳ್ಳಿ, ಮನೆ ಸಿಗೋ ಮುಂಚೆನೇ. ನಿಮ್ಮ ವಕೀಲರು ಮಾರೋರ ವಕೀಲರಾಗಿರಬಾರದು, ಏಜೆಂಟ್ ಹೇಳಿದವರೂ ಬೇಡ. ನಮ್ಮ ಹಾಗೆ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಕ್ಯೂ ನಿಂತು ಫೋಟೋ ಹೆಬ್ಬೆಟ್ಟು ಕೊಡೋ ಪದ್ಧತಿ ಇಲ್ಲ, ಎಲ್ಲಾ ಎರಡು ಕಡೆ ವಕೀಲರ ನಡುವೆ ನಡೆಯತ್ತೆ, ಆದ್ರಿಂದ ವಕೀಲರು ಸರಿ ಇಲ್ಲ ಅಂದ್ರೆ ಏನೂ ಸರಿ ಇರಲ್ಲ.

ಬೆಲೆ ಒಪ್ಪಿಗೆ ಆದ ಮೇಲೆ ಮಾರೋರ ವಕೀಲರು ಸೇಲ್ ಅಗ್ರಿಮೆಂಟ್ ಬರೀತಾರೆ, ಸೈನ್ ಮಾಡೋವಾಗ ಸಾಮಾನ್ಯವಾಗಿ 10% ಡೆಪಾಸಿಟ್, ಅದು ವಕೀಲರ ಎಸ್ಕ್ರೋ ಅಕೌಂಟಲ್ಲಿ, ಅಂದ್ರೆ ವ್ಯವಹಾರ ಮುಗಿಯೋ ತನಕ ದುಡ್ಡನ್ನ ಬೇರೆಯಾಗಿ ಹಿಡಿದಿಡೋ ಅಕೌಂಟಲ್ಲಿ, ಇರಬೇಕು. ನಮಗೆ ಮೊದಲ ಮನೆ ತೋರಿಸಿದ ಏಜೆಂಟ್ ಒಬ್ಬರು, ಹಿಡಿದಿಟ್ಕೊಳ್ಳೋಕೆ ಅಂತ ನನ್ನ ಅಕೌಂಟ್‌ಗೇ ಸ್ವಲ್ಪ ಹಾಕಿ ಅಂದ್ರು, ಭಾವ ಹಾಕೋಕೆ ರೆಡಿನೂ ಆಗಿದ್ರು, ನಾನು ಬೇಡ ಅಂದೆ. ಹಾಕಬೇಡಿ, ಎಷ್ಟೇ ಅವಸರ ಮಾಡಿದ್ರೂ. ಆಮೇಲೆ ನಿಮ್ಮ ವಕೀಲರು ಟೈಟಲ್ ನೋಡ್ತಾರೆ, ನಾವು ಮದರ್ ಡೀಡ್, ಇಸಿ ನೋಡೋ ಹಾಗೆ, ಅಡಮಾನ ಇದೆಯಾ, ಲ್ಯಾಂಡ್ ಟ್ಯಾಕ್ಸ್ ಬಾಕಿ, ನೀರಿನ ಬಿಲ್ ಬಾಕಿ, ಕಟ್ಟಡಕ್ಕೆ ಪ್ಲಾನಿಂಗ್ ಅನುಮತಿ ಇತ್ತಾ, ಆಮೇಲೆ ಸೇರಿಸಿದ ರೂಮಿಗೂ ಇತ್ತಾ. ಸರ್ವೇಯರ್ ಬಂದು ಗಡಿ ಗುರುತಿಸ್ತಾರೆ. ಎಲ್ಲಾ ಸರಿ ಇದ್ರೆ ಮೂರು ತಿಂಗಳ ಹತ್ತಿರ ಹಿಡಿಯತ್ತೆ, ಎಷ್ಟೋ ಸಲ ಜಾಸ್ತಿನೇ, ಅವಸರದ ಊರಲ್ಲ ಅದು.

ಖರ್ಚಲ್ಲಿ ನಮಗೆ ಆಶ್ಚರ್ಯ ಆಗೋದು ಏನಂದ್ರೆ, ಸ್ಟ್ಯಾಂಪ್ ಡ್ಯೂಟಿ 1%, ಟ್ರಾನ್ಸ್‌ಫರ್ ಟ್ಯಾಕ್ಸ್ 2.5% ಎರಡೂ ಕಟ್ಟೋದು ಮಾರೋರು, ಏಜೆಂಟ್ ಕಮಿಷನ್ನೂ ಅವರೇ. ಕೊಳ್ಳೋರಿಗೆ ವಕೀಲರ ಫೀಸು, ಅದರ ಮೇಲೆ 17.5% ವ್ಯಾಟ್, ಸರ್ವೇಯರ್ ಖರ್ಚು. ಆದ್ರೆ ಮುಂದೆ ನೀವು ಮಾರೋ ದಿನ ಆ ಖರ್ಚೆಲ್ಲಾ ನಿಮ್ಮ ತಲೆ ಮೇಲೆ, ಈಗಲೇ ಲೆಕ್ಕಕ್ಕೆ ಹಿಡೀರಿ.

ನೀವು ಅಲ್ಲಿರೋಕೆ ಆಗಲ್ಲ ಅಂದ್ರೆ ಪವರ್ ಆಫ್ ಅಟಾರ್ನಿ ಕೊಡಬಹುದು, ಇಂಡಿಯಾದಲ್ಲಿ ಮಾಡಿಸಿದ್ದಕ್ಕೆ ವಿದೇಶಾಂಗ ಇಲಾಖೆಯ ಅಪಾಸ್ಟಿಲ್, ಅಂದ್ರೆ ಹೊರದೇಶದಲ್ಲಿ ನಡೆಯೋ ದೃಢೀಕರಣದ ಮುದ್ರೆ, ಹಾಕಿಸಬೇಕು. ಕೆಲಸದ ಸಮಯ ಹೊಂದಿಸಿಕೊಳ್ಳಿ, ನಾವು ಒಂಬತ್ತೂವರೆ ಗಂಟೆ ಮುಂದೆ, ಅಲ್ಲಿ ಬೆಳಗ್ಗೆ 9 ಅಂದ್ರೆ ಇಲ್ಲಿ ಸಂಜೆ ಆರೂವರೆ, ನಾನು ಮೂರು ತಿಂಗಳು ದಿನಾ ಸಂಜೆ ಕಾಫಿ ಲೋಟ ಹಿಡ್ಕೊಂಡೇ ಫೋನ್ ಮಾಡ್ತಿದ್ದೆ.

ದುಡ್ಡಿನ ದಾರಿ, ಇದನ್ನ ಎರಡು ಸಲ ಓದಿ

ಬಾರ್ಬಡೋಸ್‌ನಲ್ಲಿ ಎಕ್ಸ್‌ಚೇಂಜ್ ಕಂಟ್ರೋಲ್ ಇದೆ, ಅಂದ್ರೆ ವಿದೇಶಿ ಹಣ ಒಳಗೆ ಬರೋದು ಹೊರಗೆ ಹೋಗೋದರ ಮೇಲೆ ಹಿಡಿತ. ಹೊರದೇಶದವರು ಆಸ್ತಿ ಕೊಳ್ಳೋಕೆ ಸೆಂಟ್ರಲ್ ಬ್ಯಾಂಕ್ ಆಫ್ ಬಾರ್ಬಡೋಸ್‌ನ ಅನುಮತಿ ಬೇಕು, ಅದು ಸಾಮಾನ್ಯವಾಗಿ ಸಿಗತ್ತೆ, ವಕೀಲರೇ ಅರ್ಜಿ ಹಾಕ್ತಾರೆ. ಅದರಷ್ಟೇ ಮುಖ್ಯ ಇನ್ನೊಂದು, ನೀವು ತಂದ ವಿದೇಶಿ ಹಣ ಇಷ್ಟು, ಇಂಥ ದಿನ, ಇಂಥ ಆಸ್ತಿಗೆ ಬಂತು ಅಂತ ಅಲ್ಲಿ ನೋಂದಣಿ ಆಗಬೇಕು. ಆಗಿದ್ರೆ ಮುಂದೆ ಮಾರಿದಾಗ ಆ ಹಣ ಹೊರಗೆ ತಗೊಂಡು ಹೋಗೋಕೆ ದಾರಿ ಸುಲಭ, ಆಗದಿದ್ರೆ ಹಣ ಬಾರ್ಬಡೋಸ್ ಡಾಲರ್ ರೂಪದಲ್ಲಿ ಅಲ್ಲೇ ಕೂರತ್ತೆ, ಆ ಡಾಲರ್ ಹೊರಗೆ ಎಲ್ಲೂ ನಡೆಯಲ್ಲ. ನಾವು ಬಾಡಿಗೆಗಿದ್ದ ಬಿಲ್ಡಿಂಗಲ್ಲೇ ಇಂಗ್ಲೆಂಡಿನ ವಯಸ್ಸಾದ ದಂಪತಿ ಇದ್ರು, ಫ್ಲ್ಯಾಟ್ ಮಾರಿ ಒಂದು ವರ್ಷ ದಾಟಿತ್ತು, ಕೊಂಡಾಗ ದುಡ್ಡನ್ನ ಕಂತು ಕಂತಾಗಿ ಪರಿಚಯದವರ ಅಕೌಂಟ್ ಮೂಲಕ ತರಿಸಿದ್ರಂತೆ, ನೋಂದಣಿ ಪತ್ರ ಒಂದೂ ಇಲ್ಲ, ಆ ಯಮ್ಮ ಹಳೇ ಬ್ಯಾಂಕ್ ಸ್ಲಿಪ್‌ಗಳನ್ನ ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದೇ ಜೋಡಿಸ್ತಾ ಕೂತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ಹೆಸರಿನ ಅಕೌಂಟಿಂದ, ಬ್ಯಾಂಕಿಂದ ಬ್ಯಾಂಕಿಗೆ, ವಕೀಲರ ಅಕೌಂಟಿಗೆ, ನೋಂದಣಿ ಪತ್ರದ ಕಾಪಿ ನಿಮ್ಮ ಕೈಗೆ. ಮುಂದೆ ರಿಪೇರಿಗೆ, ಹೊಸ ಅಡುಗೆಮನೆಗೆ ದೊಡ್ಡ ಮೊತ್ತ ಕಳಿಸಿದ್ರೂ ಹೀಗೇ.

ಈಗ ಇಂಡಿಯಾ ಕಡೆ. ಇಲ್ಲಿ ವಾಸ ಇರೋರು ಎಲ್‌ಆರ್‌ಎಸ್, ಅಂದ್ರೆ ಹೊರದೇಶಕ್ಕೆ ಹಣ ಕಳಿಸೋ ಆರ್‌ಬಿಐ ಯೋಜನೆ, ಅದರ ಅಡಿಯಲ್ಲಿ ಒಬ್ಬರು ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಅಮೆರಿಕನ್ ಡಾಲರ್ ತನಕ ಕಳಿಸಬಹುದು, ಆಸ್ತಿ ಕೊಳ್ಳೋದು ಅದರಲ್ಲಿ ಸೇರತ್ತೆ. ಗಂಡ ಹೆಂಡತಿ ಇಬ್ರೂ ಸೇರಿ ಕೊಂಡ್ರೆ ಇಬ್ಬರ ಮಿತಿನೂ ಒಟ್ಟಿಗೆ ಬಳಸಬಹುದು, ಆದ್ರೆ ಇಬ್ಬರ ಹೆಸರೂ ಪತ್ರದಲ್ಲಿರಲಿ. ಹಣ ಕಳಿಸೋವಾಗ ಬ್ಯಾಂಕಿಗೆ ಕೊಡೋ ಎ2 ಫಾರ್ಮಲ್ಲಿ ಉದ್ದೇಶ ವಿದೇಶದ ಸ್ಥಿರಾಸ್ತಿ ಅಂತ ಸರಿಯಾಗಿ ಬರೀರಿ, ಸಂಬಂಧಿಕರ ಖರ್ಚಿಗೆ ಅಂತ ಬರೆದು ಮನೆ ಕೊಳ್ಳಬೇಡಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕ್ 20% ಟಿಸಿಎಸ್, ಅಂದ್ರೆ ಮುಂಚೆನೇ ವಸೂಲಿ ಮಾಡೋ ಇನ್‌ಕಮ್ ಟ್ಯಾಕ್ಸ್, ಹಿಡಿಯತ್ತೆ, ಅದು ನಷ್ಟ ಅಲ್ಲ, ರಿಟರ್ನ್ಸಲ್ಲಿ ಹೊಂದಿಸಿಕೊಳ್ಳಬಹುದು, ಆದ್ರೆ ಅಷ್ಟು ದಿನ ಆ ದುಡ್ಡು ಕೈಯಲ್ಲಿರಲ್ಲ, ಒಂದು ಕೋಟಿ ಕಳಿಸೋರಿಗೆ 18 ಲಕ್ಷ ಬೇರೆ ಎತ್ತಿಡಬೇಕು. ಹವಾಲಾ, ಯಾರದೋ ಅಕೌಂಟು, ಕ್ರೆಡಿಟ್ ಕಾರ್ಡು, ಇವು ಯಾವುದೂ ಬೇಡ.

ಬಾರ್ಬಡೋಸ್‌ನಲ್ಲಿ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಇಲ್ಲ, ನಿಜ. ಆದ್ರೆ ನೀವು ಇಂಡಿಯಾದಲ್ಲಿ ರೆಸಿಡೆಂಟ್ ಆಗಿದ್ರೆ ಅಲ್ಲಿನ ಬಾಡಿಗೆಗೂ ಮಾರಿದ ಲಾಭಕ್ಕೂ ಇಲ್ಲಿ ತೆರಿಗೆ ಇದೆ. ಪ್ರತಿ ವರ್ಷ ರಿಟರ್ನ್ಸಲ್ಲಿ ವಿದೇಶಿ ಆಸ್ತಿ ವಿವರ ಕೊಡೋ ಶೆಡ್ಯೂಲ್ ಎಫ್‌ಎ ತುಂಬಬೇಕು, ಬಾಡಿಗೆ ಬರದೆ ಬೀಗ ಹಾಕಿದ ಮನೆಯಾದ್ರೂ. ಬಿಟ್ರೆ 2015ರ ಬ್ಲ್ಯಾಕ್ ಮನಿ ಕಾಯ್ದೆ ಪ್ರಕಾರ 10 ಲಕ್ಷ ದಂಡ ಬೀಳಬಹುದು, ಪ್ರಾಮಾಣಿಕವಾಗಿ ದುಡಿದು ಕಳಿಸಿದ ಹಣಕ್ಕೂ.

ಮನೆ ಕೊಂಡ್ರೆ ಪಾಸ್‌ಪೋರ್ಟ್ ಸಿಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಅದು ಬಾರ್ಬಡೋಸ್ ಅಲ್ಲ. ಆ ಕಡೆ ದ್ವೀಪಗಳಲ್ಲಿ ಹೂಡಿಕೆಗೆ ಪೌರತ್ವ ಕೊಡೋದು ಆಂಟಿಗುವಾ, ಡೊಮಿನಿಕಾ, ಗ್ರೆನಡಾ, ಸೇಂಟ್ ಕಿಟ್ಸ್, ಸೇಂಟ್ ಲೂಸಿಯಾ, ಈ ಐದು. ಅಲ್ಲಿನ ಪೌರತ್ವ ತಗೊಂಡ ಕ್ಷಣ ನಮ್ಮ ಕಾನೂನು ಪ್ರಕಾರ ಭಾರತದ ಪೌರತ್ವ ಹೋಗತ್ತೆ, ಎರಡೂ ಇಟ್ಕೊಳ್ಳೋಕಾಗಲ್ಲ, ಈ ಮಾತನ್ನ ಪೌರತ್ವ ಮಾರೋ ಏಜೆಂಟ್‌ಗಳ ಸೆಮಿನಾರಲ್ಲಿ ಮೆಲ್ಲಗೆ ಹೇಳ್ತಾರೆ. ಬಾರ್ಬಡೋಸ್‌ನಲ್ಲಿ ಬರೀ ಇದ್ದು ನೋಡಬೇಕು, ಮನೆಯಿಂದ್ಲೇ ಕೆಲಸ ಮಾಡೋ ಜಾಬ್ ಇದೆ ಅನ್ನೋರಿಗೆ 2020ರಲ್ಲಿ ಶುರುವಾದ ವೆಲ್ಕಮ್ ಸ್ಟ್ಯಾಂಪ್ ಅನ್ನೋ ವೀಸಾ ಇದೆ, ವರ್ಷಕ್ಕೆ 50 ಸಾವಿರ ಅಮೆರಿಕನ್ ಡಾಲರ್ ಆದಾಯ ತೋರಿಸಬೇಕು, 12 ತಿಂಗಳು ಇರಬಹುದು, ಫೀಸು ಒಬ್ಬರಿಗೆ 2,000 ಅಮೆರಿಕನ್ ಡಾಲರ್. ನನ್ನ ಪ್ರಕಾರ ಕೊಳ್ಳೋ ಮುಂಚೆ ಇದೇ ಅತ್ಯುತ್ತಮ ದಾರಿ, ಎರಡೂ ಕಾಲ ನೋಡಿದ ಹಾಗಾಗತ್ತೆ.

ಕೀ ಕೈಗೆ ಬಂದ ಮೇಲೆ

ಲ್ಯಾಂಡ್ ಟ್ಯಾಕ್ಸ್ ವರ್ಷ ಏಪ್ರಿಲಿಂದ ಮಾರ್ಚ್, ನಮ್ಮ ಥರನೇ, ಬೇಗ ಕಟ್ಟಿದ್ರೆ ರಿಯಾಯಿತಿ ಇದೆ, ಬಿಲ್ ಬರೋ ಅಡ್ರೆಸ್ ಸರಿಯಾಗಿ ಬದಲಾಯಿಸಿಕೊಳ್ಳಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಚಂಡಮಾರುತದ ಭಾಗ ಬೇರೆ ಇರತ್ತೆ, ಡಿಡಕ್ಟಿಬಲ್ ಅನ್ನೋದು ಆದ ನಷ್ಟದ ಮೇಲಲ್ಲ, ಇಡೀ ವಿಮಾ ಮೊತ್ತದ ಮೇಲೆ ಶೇಕಡಾ ಲೆಕ್ಕ ಇರತ್ತೆ, ಉದಾಹರಣೆಗೆ 4 ಲಕ್ಷ ಡಾಲರಿಗೆ 2% ಅಂದ್ರೆ ಮೊದಲ 8 ಸಾವಿರ ನಿಮ್ಮ ಜೇಬಿಂದ. ಬಿರುಗಾಳಿ ಹೆಸರು ನ್ಯೂಸಲ್ಲಿ ಬಂದ ಮೇಲೆ ಹೊಸ ಪಾಲಿಸಿ ಯಾರೂ ಕೊಡಲ್ಲ, ಮೇ ತಿಂಗಳ ಒಳಗೇ ರಿನ್ಯೂ ಮಾಡಿಸಿ.

ಮನೆ ಬೀಗ ಹಾಕಿಟ್ರೆ ಆರು ತಿಂಗಳಲ್ಲಿ ಬೂಷ್ಟು, ಗೆದ್ದಲು, ತುಕ್ಕು ಮೂರೂ ಸೇರಿ ತಿಂದ್ಬಿಡತ್ತೆ. ಅಕ್ಕ ಭಾವ ಅದೇ ಗ್ಯಾಪಿನ ಒಬ್ಬ ಹೆಂಗಸಿಗೆ ತಿಂಗಳ ಸಂಬಳ ಮಾಡಿ ವಾರಕ್ಕೊಮ್ಮೆ ಕಿಟಕಿ ತೆಗೆಯೋಕೆ, ನಲ್ಲಿ ಬಿಡೋಕೆ, ಫ್ಯಾನ್ ಹಾಕೋಕೆ ಹೇಳಿದ್ದಾರೆ. ಅವರು ಪ್ರತಿ ಶನಿವಾರ ಅಕ್ಕನಿಗೆ ವಾಟ್ಸಾಪಲ್ಲಿ ಚಾವಣಿ ಫೋಟೋ ಕಳಿಸ್ತಾರೆ, ನಾಲ್ಕು ಮೂಲೆದು ನಾಲ್ಕು, ಬಾಲ್ಕನಿದು ಒಂದು. ಅಕ್ಕ ಹೋದ ವಾರದ್ದನ್ನ ಪಕ್ಕ ಇಟ್ಕೊಂಡು ಗೆರೆ ಏನಾದ್ರೂ ಬಿಟ್ಟಿದೆಯಾ ಅಂತ ನೋಡ್ತಾಳೆ, ಡೌಟ್ ಬಂದ್ರೆ ನನಗೆ ಫಾರ್ವರ್ಡ್ ಮಾಡ್ತಾಳೆ.